ಕಾರ್ಡಿನ ಕ್ಷೇಮ, ಗುಂಪಿನ ಶುಭೋದಯ: ದೂರದ ಮಾತಿನ ಮೂರು ತಲೆಮಾರು

ಸಾಮಾಜಿಕ ಜಾಲತಾಣಗಳನ್ನು ಹಿರಿಯರು ಒಂದು ರೀತಿ, ನಡುವಯಸ್ಸಿನವರು ಇನ್ನೊಂದು ರೀತಿ, ಹರೆಯದವರು ಮತ್ತೊಂದೇ ರೀತಿ ಬಳಸುತ್ತಾರೆ ಎಂಬುದು ಕರ್ನಾಟಕದಲ್ಲಿ ಈಗ ಮನೆಮನೆಯ ಮಾತಾಗಿದ್ದು, ಇದಕ್ಕೆ ಸಾಮಾನ್ಯವಾಗಿ ವಯಸ್ಸನ್ನೇ ಕಾರಣವೆಂದು ಹೇಳಲಾಗುತ್ತದೆ: ಹಿರಿಯರಿಗೆ ತಂತ್ರಜ್ಞಾನ ತಿಳಿಯದು, ಕಿರಿಯರಿಗೆ ತಾಳ್ಮೆ ಇಲ್ಲ. ಈ ವಿವರಣೆ ಸುಲಭವಾದದ್ದು. ಚರಿತ್ರೆಯ ಮುಂದೆ ಇಟ್ಟು ನೋಡಿದರೆ ನಿಲ್ಲುವಂಥದ್ದಲ್ಲ. ಎದುರಿಗಿಲ್ಲದವರೊಡನೆ ಮಾತನಾಡುವ ಬಗೆಯನ್ನು ಜನ ತಮ್ಮ ಎಳೆವಯಸ್ಸಿನಲ್ಲಿ ಕೈಗೆ ಸಿಕ್ಕ ಸಾಧನದಿಂದ ಕಲಿಯುತ್ತಾರೆ; ಆ ಸಾಧನದ ಬೆಲೆ, ವೇಗ, ಅದರಲ್ಲಿ ಹಿಡಿಸುವ ಮಾತಿನ ಅಳತೆ, ಅದನ್ನು ಯಾರು ಓದಬಹುದು ಯಾರು ಓದಬಾರದು ಎಂಬ ಕಟ್ಟಳೆ ಇವೆಲ್ಲ ಸೇರಿ ಒಂದು ಮರ್ಯಾದೆಯ ಕ್ರಮವಾಗುತ್ತದೆ; ಸಾಧನ ಮರೆಯಾದ ಮೇಲೂ ಆ ಕ್ರಮ ಉಳಿದು, ಮುಂದೆ ಬಂದ ಸಾಧನದಲ್ಲಿ ಮುಂದುವರಿಯುತ್ತದೆ. ಕನ್ನಡ ಕುಟುಂಬವೊಂದರ ವಾಟ್ಸಾಪ್ ಗುಂಪಿನಲ್ಲಿ ಇಂದು ಒಟ್ಟಿಗಿರುವ ಮೂರು ತಲೆಮಾರಿನವರಲ್ಲಿ ಒಬ್ಬರು ಅಂಚೆ ಕಾರ್ಡಿನ ಕಾಲದಲ್ಲಿ, ಇನ್ನೊಬ್ಬರು ಎಸ್‌ಟಿಡಿ ಬೂತು ಮತ್ತು ಸೈಬರ್ ಸೆಂಟರುಗಳ ಕಾಲದಲ್ಲಿ, ಮತ್ತೊಬ್ಬರು ಸ್ಮಾರ್ಟ್‌ಫೋನಿನ ಕಾಲದಲ್ಲಿ ದೂರದ ಮಾತನ್ನು ಕಲಿತವರು. ಅವರ ನಡುವಿನ ಮುನಿಸು, ಬೇಸರ, ತಪ್ಪುತಿಳಿವಳಿಕೆಗಳ ಬೇರು ಈ ಕಲಿಕೆಯಲ್ಲಿದೆ.

ಮೈಸೂರು ಸೀಮೆಗೆ ಅಂಚೆ ಹಳೆಯ ಪರಿಚಯ. ಚಿಕ್ಕದೇವರಾಜ ಒಡೆಯರ ಕಾಲಕ್ಕೆ, 1672ಕ್ಕೆ, ತನ್ನ ಮೂಲವನ್ನು ಹೇಳಿಕೊಳ್ಳುವ ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ವಿಲೀನಗೊಂಡಿತು. ಆದರೆ ಸಾಮಾನ್ಯ ಸಂಸಾರಸ್ಥರನ್ನು ಪತ್ರ ವ್ಯವಹಾರಕ್ಕೆ ಎಳೆತಂದದ್ದು 1879ರ ಜುಲೈ 1ರಂದು ಕಾಲಾಣೆಯ ಬೆಲೆಗೆ ಭಾರತದಲ್ಲಿ ಮಾರಾಟಕ್ಕೆ ಬಂದ ಪೋಸ್ಟ್ ಕಾರ್ಡು. ಅದಕ್ಕೆ ಲಕೋಟೆ ಇಲ್ಲ, ಮುಚ್ಚುವುದಿಲ್ಲ, ಬರೆದದ್ದೆಲ್ಲ ಬಯಲು. 1951ರ ಜನಗಣತಿಯ ಹೊತ್ತಿಗೆ ದೇಶದಲ್ಲಿ ಓದುಬರಹ ಬಲ್ಲವರು ಶೇ 18ರಷ್ಟು ಮಾತ್ರ ಇದ್ದುದರಿಂದ, ಬಂದ ಕಾರ್ಡನ್ನು ಅನೇಕ ಮನೆಗಳಲ್ಲಿ ಅಂಚೆಯವನೋ ಶಾಲೆಯ ಮೇಷ್ಟರೋ ನೆರೆಮನೆಯ ಹುಡುಗನೋ ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿ ಹೇಳಬೇಕಿತ್ತು, ಉತ್ತರವನ್ನೂ ಅವರೇ ಬರೆದುಕೊಡಬೇಕಿತ್ತು. ಹೀಗಾಗಿ ಪತ್ರವೆಂದರೆ ಒಬ್ಬರು ಒಬ್ಬರಿಗೆ ಹೇಳುವ ಗುಟ್ಟು ಎಂಬ ಭಾವನೆ ಆ ತಲೆಮಾರಿನಲ್ಲಿ ಗಟ್ಟಿಯಾಗಿ ಬೆಳೆಯಲೇ ಇಲ್ಲ. ಪತ್ರ ಬರುತ್ತಿದ್ದುದು ಮನೆಗೆ, ವ್ಯಕ್ತಿಗಲ್ಲ. ಮದುವೆಯ ಕರೆಯೋಲೆಯ ಅಂಚಿಗೆ ಅರಿಸಿನ ಹಚ್ಚಿ ಕಳಿಸುವುದು, ಸಾವಿನ ಸುದ್ದಿ ತಂದ ಕಾರ್ಡನ್ನು ಓದಿದ ಕೂಡಲೇ ಹರಿದುಹಾಕಿ ಒಳಗೆ ಇಟ್ಟುಕೊಳ್ಳದಿರುವುದು ಮುಂತಾದ ರೂಢಿಗಳು ಈ ಬಯಲು ಬರಹಕ್ಕೆ ಮನೆಯೊಳಗೆ ಒಂದು ಸ್ಥಾನವನ್ನು ಕಲ್ಪಿಸಿಕೊಟ್ಟವು.

ಅಂಥ ಕಾರ್ಡಿನ ಒಳಗನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ತಲೆಯ ಮೇಲೆ ‘ಶ್ರೀ’, ಬಲಕ್ಕೆ ಊರು ಮತ್ತು ತಾರೀಕು, ಬಳಿಕ ‘ತೀರ್ಥರೂಪು’, ‘ಮಾತೃಶ್ರೀ’, ‘ಚಿರಂಜೀವಿ’, ‘ಸೌಭಾಗ್ಯವತಿ’ ಎಂಬ ಒಕ್ಕಣೆ, ಅಂದರೆ ಬರೆಯುವವರಿಗೂ ಓದುವವರಿಗೂ ಇರುವ ಸಂಬಂಧವನ್ನು ಮೊದಲಿಗೇ ಸಾರುವ ಸಂಬೋಧನೆ. ಅದರ ಹಿಂದೆಯೇ ‘ಉಭಯ ಕುಶಲೋಪರಿ ಸಾಂಪ್ರತ’ ಅಥವಾ ‘ಇತ್ತ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರುವುದು’ ಎಂಬ ಸಿದ್ಧ ವಾಕ್ಯ. ಕೊನೆಗೆ ದೊಡ್ಡವರಿಗೆ ನಮಸ್ಕಾರ, ಚಿಕ್ಕವರಿಗೆ ಆಶೀರ್ವಾದ. ಮಳೆ, ಬೆಳೆ, ಬಾಣಂತನ, ಸಾಲ ಮುಂತಾದ ನಿಜವಾದ ಸುದ್ದಿಗೆ ಉಳಿಯುತ್ತಿದ್ದುದು ನಡುವಿನ ನಾಲ್ಕಾರು ಸಾಲು. ಎಷ್ಟೋ ವೇಳೆ ಅದೂ ಇರುತ್ತಿರಲಿಲ್ಲ. ಹೊಸ ಮಾತೇನೂ ಇಲ್ಲದ ಕಾರ್ಡನ್ನು ಆ ಕಾಲದವರು ಖಾಲಿ ಕಾರ್ಡೆಂದು ತಿಳಿಯಲಿಲ್ಲ, ಏಕೆಂದರೆ ಬರೆದವರು ಬದುಕಿದ್ದಾರೆ, ನೆನೆದಿದ್ದಾರೆ ಎಂಬುದೇ ಅದು ಹೊತ್ತುತರುವ ಸುದ್ದಿಯಾಗಿತ್ತು. ಇಂದು ಕುಟುಂಬದ ಗುಂಪಿನಲ್ಲಿ ಬೆಳಗಾಗುವ ಮೊದಲೇ ಬಂದು ಬೀಳುವ, ದೇವರ ಪಟವೋ ದಾಸವಾಳದ ಹೂವೋ ಇರುವ ‘ಶುಭೋದಯ’ದ ಚಿತ್ರವನ್ನು ಅರ್ಥಮಾಡಿಕೊಳ್ಳಲು ಈ ಕ್ಷೇಮದ ಸಾಲಿಗಿಂತ ಒಳ್ಳೆಯ ದಾರಿ ಇಲ್ಲ. ಅದರಲ್ಲಿ ಮಾಹಿತಿ ಇಲ್ಲವೆಂದು ಕಿರಿಯರು ಬೇಸರಪಡುವುದು ಸಹಜ. ಆದರೆ ಅದನ್ನು ಕಳಿಸಿದವರು ಮಾಹಿತಿ ಕೊಡಲು ಹೊರಟವರೇ ಅಲ್ಲ. ಒಂದು ದಿನ ಆ ಚಿತ್ರ ಬಾರದಿದ್ದರೆ ದೂರದ ಊರಿನಲ್ಲಿರುವ ಮಗಳು ಫೋನು ಮಾಡಿ ವಿಚಾರಿಸುತ್ತಾಳೆ ಎಂಬುದರಲ್ಲಿ ಅದರ ಪ್ರಯೋಜನ ಸ್ಪಷ್ಟವಾಗುತ್ತದೆ.

ಸಿದ್ಧ ಮಾತನ್ನು ಸಾಗಿಸುವ ಅಭ್ಯಾಸವೂ ಫೋನಿನೊಂದಿಗೆ ಹುಟ್ಟಿದ್ದಲ್ಲ. ತಂತಿ ಕಚೇರಿಗಳಲ್ಲಿ ಹಬ್ಬ, ಮದುವೆ, ಪರೀಕ್ಷೆಯ ಯಶಸ್ಸು ಮುಂತಾದ ಸಂದರ್ಭಗಳಿಗೆ ಒಪ್ಪುವ ಶುಭಾಶಯ ವಾಕ್ಯಗಳ ಪಟ್ಟಿಯೊಂದಿದ್ದು, ಪ್ರತಿ ವಾಕ್ಯಕ್ಕೂ ಒಂದು ಸಂಖ್ಯೆ ಇರುತ್ತಿತ್ತು. ಗ್ರಾಹಕರು ಸಂಖ್ಯೆಯನ್ನು ಸೂಚಿಸಿದರೆ ಸಾಕು, ಆ ಕಡೆಯ ಕಚೇರಿಯವರು ಇಡೀ ವಾಕ್ಯವನ್ನು ಬರೆದು ತಲುಪಿಸುತ್ತಿದ್ದರು. 2013ರ ಜುಲೈನಲ್ಲಿ ತಂತಿ ಸೇವೆಯೇ ನಿಂತುಹೋಯಿತು, ಆದರೆ ಬೇರೆಯವರು ಬರೆದ ಮಾತಿನಲ್ಲಿ ತನ್ನ ಹಾರೈಕೆಯನ್ನು ತಿಳಿಸುವುದು ಅಪ್ರಾಮಾಣಿಕವಲ್ಲ ಎಂಬ ನಂಬಿಕೆ ನಿಲ್ಲಲಿಲ್ಲ. ಇದಕ್ಕಿಂತಲೂ ನೇರವಾದ ಪೂರ್ವಜನೆಂದರೆ ಸರಪಳಿ ಪತ್ರ. ತಿರುಪತಿಯಲ್ಲೋ ಬೇರೊಂದು ಕ್ಷೇತ್ರದಲ್ಲೋ ಪವಾಡ ನಡೆಯಿತೆಂದು ತಿಳಿಸಿ, ಇದೇ ಒಕ್ಕಣೆಯನ್ನು ಇಷ್ಟು ಮಂದಿಗೆ ಬರೆದು ಕಳಿಸಿದರೆ ಇಷ್ಟು ದಿನದಲ್ಲಿ ಶುಭವೆಂದೂ, ಅಸಡ್ಡೆ ಮಾಡಿದರೆ ಕೇಡೆಂದೂ ಹೆದರಿಸುವ ಅನಾಮಧೇಯ ಕಾರ್ಡುಗಳೂ ಕರಪತ್ರಗಳೂ ಸ್ಮಾರ್ಟ್‌ಫೋನು ಬರುವ ಎಷ್ಟೋ ಮೊದಲೇ ಹಳ್ಳಿ ಪಟ್ಟಣಗಳೆನ್ನದೆ ಓಡಾಡುತ್ತಿದ್ದವು. ಅವುಗಳಲ್ಲಿ ಕಳಿಸಿದವರ ಹೆಸರಿಲ್ಲ, ಮೂಲ ತಿಳಿಯದು, ನಿಜವೋ ಸುಳ್ಳೋ ಎಂದು ವಿಚಾರಿಸುವುದಕ್ಕಿಂತ ಮುಂದಕ್ಕೆ ಕಳಿಸಿಬಿಡುವುದೇ ಕ್ಷೇಮಕರವೆನಿಸುತ್ತಿತ್ತು. ಫಾರ್ವರ್ಡ್ ಎಂಬ ಗುಂಡಿಯು ಈ ವ್ಯವಹಾರಕ್ಕೆ ಹೊಸದಾಗಿ ಸೇರಿಸಿದ್ದು ವೇಗವನ್ನು ಮಾತ್ರ. ಹತ್ತು ಕಾರ್ಡನ್ನು ಕೈಯಾರೆ ನಕಲು ಮಾಡುವ ಶ್ರಮ ಮತ್ತು ಕಾರ್ಡಿನ ಖರ್ಚು ಮೊದಲು ಒಂದು ಕಡಿವಾಣವಾಗಿದ್ದವು, ಅವು ಕಳಚಿಬಿದ್ದವು.

ಎರಡನೆಯ ತಲೆಮಾರಿನ ಶಾಲೆ ಬೇರೆ. ಮನೆಗೆ ದೂರವಾಣಿ ಬೇಕೆಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲದಲ್ಲಿ, ಪಕ್ಕದ ಮನೆಯ ಅಥವಾ ಕೆಳಗಿನ ಅಂಗಡಿಯ ನಂಬರನ್ನೇ ‘ಪಿ.ಪಿ.’ ಎಂಬ ಗುರುತಿನೊಂದಿಗೆ ತಮ್ಮ ವಿಳಾಸದಲ್ಲಿ ಅಚ್ಚುಹಾಕಿಸುವುದು ರೂಢಿಯಾಗಿತ್ತು; ಕರೆ ಬಂದರೆ ಆ ಮನೆಯವರು ಕೂಗಿ ಕರೆಯುತ್ತಿದ್ದರು, ಮಾತು ಅವರ ನಡುಮನೆಯಲ್ಲಿಯೇ ಆಗುತ್ತಿತ್ತು. 1984ರಲ್ಲಿ ಸಿ-ಡಾಟ್ ಸಂಸ್ಥೆ ಸ್ಥಾಪನೆಯಾಗಿ, ಸ್ಯಾಮ್ ಪಿತ್ರೋಡಾ ಅವರ ಮುಂದಾಳ್ತನದಲ್ಲಿ ದೇಶೀಯ ದೂರವಾಣಿ ವಿನಿಮಯ ಕೇಂದ್ರಗಳು ಹರಡತೊಡಗಿದ ಮೇಲೆ, ಆ ದಶಕದ ಕೊನೆಯಿಂದ ಊರೂರಿನಲ್ಲಿ ಹಳದಿ ಫಲಕದ ಎಸ್‌ಟಿಡಿ ಬೂತುಗಳು ತಲೆಯೆತ್ತಿದವು. ಗಾಜಿನ ಕೋಣೆಯೊಳಗೆ ನಿಂತು ರಿಸೀವರು ಹಿಡಿದವರ ಕಣ್ಣು ಗೋಡೆಯ ಮೇಲೆ ಕೆಂಪಂಕಿಗಳಲ್ಲಿ ಏರುತ್ತಿದ್ದ ಮೊತ್ತದ ಮೇಲೆಯೇ ಇರುತ್ತಿತ್ತು. ರಾತ್ರಿ ತಡವಾದ ಮೇಲೆ ದರ ಕಾಲುಭಾಗಕ್ಕೆ ಇಳಿಯುತ್ತಿದ್ದುದರಿಂದ ಹಾಸ್ಟೆಲಿನ ವಿದ್ಯಾರ್ಥಿಗಳೂ ಪರವೂರಿನ ಕೆಲಸಗಾರರೂ ಊಟ ಮುಗಿಸಿ ಅಲ್ಲಿ ಸಾಲುಗಟ್ಟುತ್ತಿದ್ದರು. ಮಾತಿಗೆ ಸೆಕೆಂಡಿನ ಲೆಕ್ಕದಲ್ಲಿ ಬೆಲೆ ಕಟ್ಟಬೇಕಾದಾಗ ಒಕ್ಕಣೆ ಉದುರಿಹೋಗುತ್ತದೆ. ಇತ್ತ ಕ್ಷೇಮವೆಂಬ ಪೀಠಿಕೆಯಿಲ್ಲದೆ ವಿಷಯಕ್ಕೇ ಇಳಿಯುವ, ಹೇಳಿ ಮುಗಿಸಿ ಇಟ್ಟುಬಿಡುವ ರೀತಿಯನ್ನು ಈ ತಲೆಮಾರು ಇಲ್ಲಿ ಕಲಿಯಿತು. ಮೊಬೈಲು ಬಂದ ಆರಂಭದ ವರ್ಷಗಳಲ್ಲಿ, ಬಂದ ಕರೆಗೂ ಹಣ ತೆರಬೇಕಿದ್ದಾಗ ಮತ್ತು 2003ರಲ್ಲಿ ಅದು ಉಚಿತವಾದ ಮೇಲೂ, ಒಂದೆರಡು ಸಲ ರಿಂಗು ಮಾಡಿ ಕತ್ತರಿಸುವ ‘ಮಿಸ್ಡ್ ಕಾಲ್’ ಒಂದು ಪೂರ್ಣ ಭಾಷೆಯೇ ಆಗಿ ಬೆಳೆದುದು ಇದೇ ಲೆಕ್ಕಾಚಾರದಿಂದ.

ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆಯನ್ನು ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಆರಂಭಿಸಿತು. ಮರುವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಕೆಫೆ ಕಾಫಿ ಡೇಯ ಮೊದಲ ಅಂಗಡಿ ಕಾಫಿಯ ಜೊತೆ ಇಂಟರ್ನೆಟ್ಟನ್ನೂ ಒದಗಿಸುತ್ತಿದ್ದುದು ಆ ಕಾಲದ ಕುತೂಹಲವನ್ನು ತೋರಿಸುತ್ತದೆ. ಹತ್ತು ವರ್ಷದೊಳಗೆ ಜಿಲ್ಲಾ ಕೇಂದ್ರಗಳ ಕಾಲೇಜು ರಸ್ತೆಗಳಲ್ಲೆಲ್ಲ ಗಂಟೆಯ ಲೆಕ್ಕದ ಸೈಬರ್ ಸೆಂಟರುಗಳು ಬಂದವು. 2004ರ ಜನವರಿಯಲ್ಲಿ ಗೂಗಲ್ ಹೊರತಂದ ಆರ್ಕುಟ್, ಇಲ್ಲಿ ಬಂದು ಕುಳಿತ ಹುಡುಗ ಹುಡುಗಿಯರ ಮೊದಲ ಸಾಮಾಜಿಕ ಜಾಲತಾಣವಾಯಿತು. ಬ್ರೆಜಿಲ್ ಮತ್ತು ಭಾರತ ಅದರ ಅತಿದೊಡ್ಡ ನೆಲೆಗಳಾಗಿದ್ದವು. ಗೆಳೆಯರ ಪುಟದಲ್ಲಿ ಬರೆದುಹೋಗುವ ‘ಸ್ಕ್ರ್ಯಾಪ್’ ಎಂಬ ಚಿಕ್ಕ ಬರಹ ಮೊದಮೊದಲು ಎಲ್ಲರ ಕಣ್ಣಿಗೂ ಬೀಳುವಂತಿತ್ತು, ಅಂದರೆ ಕಾರ್ಡಿನಂತೆಯೇ ಬಯಲು. ಒಬ್ಬರನ್ನು ಕುರಿತು ಇನ್ನೊಬ್ಬರು ಮೆಚ್ಚಿ ಬರೆಯುವ ‘ಟೆಸ್ಟಿಮೋನಿಯಲ್’ ಶಾಲೆಯ ಕೊನೆಯ ದಿನ ಸಹಪಾಠಿಗಳಿಂದ ಬರೆಸಿಕೊಳ್ಳುತ್ತಿದ್ದ ಆಟೋಗ್ರಾಫ್ ಪುಸ್ತಕದ ಮುಂದುವರಿಕೆ. ಆದರೂ ಒಂದು ವಿಷಯದಲ್ಲಿ ಅದು ಹಿಂದಿನ ಯಾವುದಕ್ಕೂ ಸಮನಾಗಿರಲಿಲ್ಲ: ಮನೆಯ ಹಿರಿಯರು ಅಲ್ಲಿರಲಿಲ್ಲ. ಗಟ್ಟಿಯಾಗಿ ಓದಲಾದ ಕಾರ್ಡು, ನೆರೆಯವರ ನಡುಮನೆಯ ಫೋನು, ಎಲ್ಲದರಲ್ಲೂ ಹಿರಿಯರ ಕಿವಿ ಇತ್ತು. ದೂರದವರೊಡನೆ ಸಮವಯಸ್ಕರು ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುವ ಜಾಗ ಇಷ್ಟು ದೊಡ್ಡ ಪ್ರಮಾಣದಲ್ಲಿ ಸಿಕ್ಕಿದ್ದು ಈ ತಲೆಮಾರಿಗೇ ಮೊದಲು.

ಈ ತಲೆಮಾರಿಗೆ ಸಿಕ್ಕ ಸ್ವಾತಂತ್ರ್ಯದ ಜೊತೆಗೇ ಒಂದು ನಷ್ಟವೂ ಬಂತು, ಅದು ಲಿಪಿಯ ನಷ್ಟ. ಶೇಷಾದ್ರಿವಾಸು ಅವರ ‘ಬರಹ’ 1998ರಿಂದಲೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದರ ಬೆನ್ನಿಗೇ ಲಭ್ಯವಿದ್ದವು, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸವೂ ಇತ್ತು. ಆದರೆ ಇವು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವವರ ಆಸ್ತಿಯಾಗಿದ್ದವೇ ಹೊರತು ಸೈಬರ್ ಸೆಂಟರಿನ ಯಂತ್ರದಲ್ಲಿ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಆ ಕಾಲದ ಕನ್ನಡ ಅಕ್ಷರಶೈಲಿಗಳಲ್ಲಿ ಬರೆದದ್ದು ಆ ಕಡೆಯ ಯಂತ್ರದಲ್ಲೂ ಅದೇ ಶೈಲಿ ಇದ್ದರಷ್ಟೇ ಓದಲು ಬರುತ್ತಿತ್ತು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ವ್ಯವಸ್ಥೆಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ ಅದು ಬಳಕೆದಾರರ ಕೈಗೆ ಬರಲು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಮೊಬೈಲಿನ ಸಂಗತಿ ಇನ್ನೂ ಕಠಿಣ. ಎಸ್‌ಎಂಎಸ್ ಎಂಬ ಕಿರುಸಂದೇಶದಲ್ಲಿ ರೋಮನ್ ಲಿಪಿಯಾದರೆ 160 ಅಕ್ಷರ ಹಿಡಿಸುತ್ತಿತ್ತು, ಯೂನಿಕೋಡ್ ಕನ್ನಡವಾದರೆ 70 ಮಾತ್ರ; ಅದರಲ್ಲೂ ಗುಣಿತದ ಚಿಹ್ನೆಗಳು, ಒತ್ತಕ್ಷರ ಮಾಡಲು ಬೇಕಾದ ಹಲಂತ ಚಿಹ್ನೆ ಎಲ್ಲವೂ ಒಂದೊಂದು ಅಕ್ಷರವಾಗಿಯೇ ಲೆಕ್ಕಕ್ಕೆ ಬರುತ್ತಿದ್ದವು. ಕನ್ನಡ ಲಿಪಿಯಲ್ಲಿ ಬರೆಯುವವರು ಅಷ್ಟೇ ಮಾತಿಗೆ ಎರಡು ಮೂರು ಸಂದೇಶಗಳ ಹಣ ತೆರಬೇಕಿತ್ತು, ತೆತ್ತರೂ ಓದುವವರ ಹ್ಯಾಂಡ್‌ಸೆಟ್ಟಿನಲ್ಲಿ ಖಾಲಿ ಚೌಕಗಳು ಮೂಡುವ ಸಂಭವವಿತ್ತು. ಹೀಗೆ ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ, ಅದೂ ಸ್ವರಗಳನ್ನು ನುಂಗಿ ಬರೆಯುವ ಒಂದು ರೀತಿ ಬೆಳೆದು, ಲಿಪಿಯ ಅಡಚಣೆ ತೀರಿದ ಮೇಲೂ ಬೆರಳುಗಳಲ್ಲಿ ನೆಲೆನಿಂತಿತು. ಇದನ್ನು ಭಾಷಾಭಿಮಾನದ ಕೊರತೆಯೆಂದು ಬೈಯುವುದು ಅನ್ಯಾಯ. ಕನ್ನಡದಲ್ಲಿ ಮಾತನಾಡಲೇಬೇಕೆಂಬ ಹಟವಿದ್ದುದರಿಂದಲೇ ಆ ಯುವಕರು ಪರಲಿಪಿಯನ್ನಾದರೂ ಹಿಡಿದರು.

ಫೇಸ್‌ಬುಕ್ಕು 2006ರ ಸೆಪ್ಟೆಂಬರಿನಲ್ಲಿ ಎಲ್ಲರಿಗೂ ತೆರೆದುಕೊಂಡ ಮೇಲೆ ಆರ್ಕುಟ್‌ನಿಂದ ಅತ್ತ ವಲಸೆ ಆರಂಭವಾಯಿತು. ಕನ್ನಡದ ಬರಹಗಾರರೂ ಓದುಗರೂ ಪತ್ರಿಕೆಗಳ ‘ವಾಚಕರ ವಾಣಿ’ಯ ಬಗೆಯ ಅಂಕಣಗಳಲ್ಲಿ ನಡೆಸುತ್ತಿದ್ದ ಚರ್ಚೆ ಅಲ್ಲಿಗೆ ಹರಿಯಿತು, ಈಗ ನಲವತ್ತು ಐವತ್ತರ ವಯಸ್ಸಿನಲ್ಲಿರುವವರ ದೀರ್ಘ ಬರಹದ ಅಭ್ಯಾಸಕ್ಕೆ ಅದು ನೆಲೆಯಾಗಿಯೇ ಉಳಿದಿದೆ.

ಹಿರಿಯರ ಪ್ರವೇಶ ತಡವಾಯಿತು, ಆದರೆ ಅದು ಒಮ್ಮೆಲೇ ಆಯಿತು. 2009ರಲ್ಲಿ ಹುಟ್ಟಿದ ವಾಟ್ಸಾಪಿಗೆ ಪಾಸ್‌ವರ್ಡೂ ಬೇಕಿರಲಿಲ್ಲ, ಇಮೇಲೂ ಬೇಕಿರಲಿಲ್ಲ, ಫೋನ್ ನಂಬರೊಂದಿದ್ದರೆ ಸಾಕಿತ್ತು. 2013ರಲ್ಲಿ ಧ್ವನಿ ಸಂದೇಶದ ಸೌಕರ್ಯ ಸೇರಿತು, 2016ರ ನವೆಂಬರಿನಲ್ಲಿ ವೀಡಿಯೊ ಕರೆ. ಆ ವರ್ಷದ ಸೆಪ್ಟೆಂಬರ್ 5ರಂದು ರಿಲಯನ್ಸ್ ಜಿಯೋ ಸೇವೆ ಆರಂಭಿಸಿ, ಮುಂದಿನ ಮಾರ್ಚ್ ಕೊನೆಯವರೆಗೂ ಡೇಟಾವನ್ನು ಉಚಿತವಾಗಿ ಕೊಟ್ಟದ್ದರಿಂದ ಇಡೀ ಮಾರುಕಟ್ಟೆಯ ದರ ಕುಸಿಯಿತು. ಇಷ್ಟರಲ್ಲಿ ಫೋನುಗಳಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡುವಂತಾಗಿತ್ತು, ಕನ್ನಡದ ಕೀಲಿಮಣೆಗಳು ಪುಕ್ಕಟೆಯಾಗಿ ಸಿಗುತ್ತಿದ್ದವು. ಇಲ್ಲಿ ಗಮನಿಸಲೇಬೇಕಾದ ಒಂದು ವೈಚಿತ್ರ್ಯವಿದೆ: ತಂತ್ರಜ್ಞಾನದಲ್ಲಿ ಹಿಂದುಳಿದವರೆನಿಸಿಕೊಂಡ ಅಜ್ಜ ಅಜ್ಜಿಯರು ಕನ್ನಡ ಲಿಪಿ ಸಿದ್ಧವಾದ ಮೇಲೆ ಬಂದದ್ದರಿಂದ ಕನ್ನಡದಲ್ಲೇ ಬರೆದರು, ಮುಂಚೂಣಿಯಲ್ಲಿದ್ದ ಅವರ ಮಕ್ಕಳು ರೋಮನ್ ಅಕ್ಷರದಲ್ಲೇ ಉಳಿದರು. ಓದುಬರಹ ಕಡಿಮೆಯಿದ್ದವರಿಗೆ ಧ್ವನಿ ಸಂದೇಶ ದಾರಿ ಮಾಡಿಕೊಟ್ಟಿತು. ಜಗಲಿಯ ಮೇಲೆ ಇನ್ನೊಬ್ಬರಿಂದ ಓದಿಸಿ ಕೇಳಬೇಕಿದ್ದ ಮಾತನ್ನು ಧಾರವಾಡದ ಅಥವಾ ಕುಂದಾಪುರದ ಅಜ್ಜಿ ಈಗ ತಮ್ಮದೇ ಸೊಲ್ಲಿನಲ್ಲಿ ಅಮೆರಿಕದಲ್ಲಿರುವ ಮೊಮ್ಮಗನಿಗೆ ನೇರವಾಗಿ ಕಳಿಸಬಲ್ಲವರಾದರು. ಐಎಸ್‌ಡಿ ಕರೆಯ ಬೆಲೆಗೆ ಹೆದರಿ ವಾರಕ್ಕೊಮ್ಮೆ ಕೆಲವೇ ನಿಮಿಷ ಮಾತನಾಡಿದ್ದ ಕುಟುಂಬಗಳಿಗೆ ಇದು ಸಣ್ಣ ಬದಲಾವಣೆಯಲ್ಲ. ಇವರು ಕಳಿಸತೊಡಗಿದ ಶುಭೋದಯದ ಚಿತ್ರಗಳು ಎಷ್ಟು ಹೆಚ್ಚಿದವೆಂದರೆ, ಭಾರತದ ಫೋನುಗಳ ಸಂಗ್ರಹಸ್ಥಳ ಅವುಗಳಿಂದಲೇ ತುಂಬಿಹೋಗುತ್ತಿರುವುದನ್ನು ಗೂಗಲ್ ಗುರುತಿಸಿ, 2017ರ ಕೊನೆಯಲ್ಲಿ ಹೊರತಂದ ತನ್ನ ಕಡತ ನಿರ್ವಹಣೆಯ ಆ್ಯಪಿನಲ್ಲಿ ಅವನ್ನು ಹುಡುಕಿ ಅಳಿಸುವ ಅನುಕೂಲವನ್ನು ಸೇರಿಸಬೇಕಾಯಿತು.

2014ರ ನವೆಂಬರಿನಲ್ಲಿ ವಾಟ್ಸಾಪ್ ತಂದ ನೀಲಿ ಗುರುತು, ಅಂದರೆ ಸಂದೇಶವನ್ನು ಓದಲಾಗಿದೆ ಎಂದು ತಿಳಿಸುವ ಜೋಡಿ ಗೆರೆ, ತಲೆಮಾರುಗಳ ಅಂತರವನ್ನು ಚೆನ್ನಾಗಿ ತೋರಿಸುತ್ತದೆ. ಉತ್ತರಕ್ಕೆ ವಾರ ಹದಿನೈದು ದಿನ ಕಾದು ಬೆಳೆದವರಿಗೆ ಅದು ಕಾರ್ಡು ತಲುಪಿತೆಂಬ ನೆಮ್ಮದಿ. ಓದಿಯೂ ಉತ್ತರಿಸದಿರುವುದನ್ನು ತಿರಸ್ಕಾರವೆಂದು ಎಣಿಸುವ ಕಿರಿಯರಿಗೆ ಅದು ಸಂಕಟ, ಆದ್ದರಿಂದಲೇ ಅದನ್ನು ಮರೆಮಾಡಿಕೊಳ್ಳುವ ಆಯ್ಕೆ ಅವರಿಗೆ ಮುಖ್ಯ. ಕರೆಯ ವಿಷಯದಲ್ಲಿ ಇದು ತಿರುಗುಮುರುಗಾಗುತ್ತದೆ: ಬೂತಿನ ಕಾಲದವರು ಮುನ್ಸೂಚನೆಯಿಲ್ಲದೆ ಫೋನು ಮಾಡುತ್ತಾರೆ, ಮೊದಲು ಸಂದೇಶ ಕಳಿಸಿ ಬಿಡುವಿದೆಯೇ ಎಂದು ಕೇಳದೆ ಕರೆ ಮಾಡುವುದನ್ನು ಕಿರಿಯರು ಒರಟುತನವೆಂದು ಭಾವಿಸುತ್ತಾರೆ.

ಸುಳ್ಳುಸುದ್ದಿಯನ್ನು ಹರಡುವವರು ಹಿರಿಯರೇ ಎಂಬ ಆರೋಪಕ್ಕೆ ಮಾತ್ರ ಕರ್ನಾಟಕದ ಅನುಭವ ಪೂರ್ತಿ ಸಾಕ್ಷಿ ನುಡಿಯುವುದಿಲ್ಲ. 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿಯಾಗಲಿದೆ ಎಂಬ ವದಂತಿ ಬೆಂಗಳೂರಿನಲ್ಲಿ ಹಬ್ಬಿ, ಸಾವಿರಾರು ಮಂದಿ ಗುವಾಹಟಿಯ ರೈಲು ಹಿಡಿಯಲು ನಿಲ್ದಾಣಕ್ಕೆ ಧಾವಿಸಿದಾಗ, ಅದನ್ನು ಹೊತ್ತೊಯ್ದದ್ದು ಎಸ್‌ಎಂಎಸ್ ಮತ್ತು ಫೇಸ್‌ಬುಕ್ಕು, ಅಂದರೆ ಆಗಿನ ಯುವಜನರ ಸಾಧನಗಳು. ಕೇಂದ್ರ ಸರ್ಕಾರ ಸಾಮೂಹಿಕ ಸಂದೇಶಗಳಿಗೆ ಕೆಲ ಕಾಲ ಐದರ ಮಿತಿ ಹೇರಬೇಕಾಯಿತು. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿದಾಗ ಅದರೊಡನೆ ಓಡಾಡಿದ ವೀಡಿಯೊ, ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ತಯಾರಿಸಿದ್ದ ಚಿತ್ರವೊಂದರ ಕೊನೆಯನ್ನು ಕತ್ತರಿಸಿ ಮಾಡಿದ್ದಾಗಿತ್ತು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬರು, ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟ ಗುಂಪಿನಲ್ಲಿದ್ದ ಹೈದರಾಬಾದಿನ ಯುವಕರೊಬ್ಬರು ಜನರ ಹೊಡೆತಕ್ಕೆ ಬಲಿಯಾದರು; ಮುರ್ಕಿಯ ಪ್ರಕರಣದಲ್ಲಿ ವಾಟ್ಸಾಪ್ ಗುಂಪಿನ ಅಡ್ಮಿನ್‌ನನ್ನೂ ಪೊಲೀಸರು ಬಂಧಿಸಿದರು. ಅದೇ ತಿಂಗಳು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಮುಂದೂಡಬಹುದೆಂಬ ನಿರ್ಬಂಧವನ್ನು ವಾಟ್ಸಾಪ್ ತಂದಿತು. ಸರಪಳಿ ಪತ್ರಕ್ಕೆ ಕೈನೋವು ಮತ್ತು ಕಾಸಿನ ಖರ್ಚು ಹಾಕಿದ್ದ ಕಡಿವಾಣವನ್ನು ಕಂಪನಿಯೊಂದು ಜೀವಗಳು ಹೋದ ಮೇಲೆ ಕೃತಕವಾಗಿ ಮತ್ತೆ ಹಾಕಿತು ಎನ್ನಬೇಕು.

ಮೂರನೆಯ ತಲೆಮಾರು ಬಯಲಿನಿಂದ ಹಿಂದೆ ಸರಿದಿದೆ. ಮನೆಯವರೆಲ್ಲ ಇರುವ ಗುಂಪಿನಲ್ಲಿ ಮೌನವಾಗಿದ್ದು, 24 ಗಂಟೆಯಲ್ಲಿ ಮಾಯವಾಗುವ ಇನ್‌ಸ್ಟಾಗ್ರಾಂ ಸ್ಟೋರಿಯಲ್ಲಿ, ಆಯ್ದ ಗೆಳೆಯರಿಗಷ್ಟೇ ಕಾಣುವ ಪಟ್ಟಿಗಳಲ್ಲಿ, ಒಮ್ಮೊಮ್ಮೆ ಹೆಸರು ಬದಲಿಸಿದ ಎರಡನೆಯ ಖಾತೆಯಲ್ಲಿ ಅದು ಮಾತನಾಡುತ್ತದೆ. ಹಿರಿಯರು ಫೇಸ್‌ಬುಕ್ಕಿಗೆ ಬಂದಾಗ ಇವರು ಅಲ್ಲಿಂದ ಎದ್ದರು. ಸಮವಯಸ್ಕರದೇ ಜಾಗ ಬೇಕೆಂಬ ಆರ್ಕುಟ್ ಕಾಲದ ಬಯಕೆಯೇ ಇದು, ಈಗ ಅಂಥ ಜಾಗವನ್ನು ಮತ್ತೆ ಮತ್ತೆ ಹುಡುಕಿಕೊಳ್ಳಬೇಕಾಗಿದೆ. ಆದರೂ ಇಡೀ ಚಿತ್ರ ಇಷ್ಟು ಸರಳವಲ್ಲ. 2020ರ ಜೂನ್ 29ರಂದು ನಿಷೇಧವಾಗುವವರೆಗೆ ಟಿಕ್‌ಟಾಕ್‌ನಲ್ಲಿ, ಬಳಿಕ ರೀಲ್ಸ್‌ನಲ್ಲಿ, ಉತ್ತರ ಕರ್ನಾಟಕದ ಮತ್ತು ಕರಾವಳಿಯ ಆಡುಮಾತನ್ನು ಹಿಂಜರಿಕೆಯಿಲ್ಲದೆ ಕ್ಯಾಮೆರಾದ ಮುಂದೆ ತಂದವರು ಈ ಕಿರಿಯರೇ. ಪಠ್ಯಪುಸ್ತಕದ ಕನ್ನಡವೂ ಪತ್ರಿಕೆಯ ಕನ್ನಡವೂ ಹೊರಗಿಟ್ಟಿದ್ದ ಸೊಲ್ಲುಗಳಿಗೆ ಅಲ್ಲಿ ಲಕ್ಷಗಟ್ಟಲೆ ಕೇಳುಗರು ಸಿಕ್ಕರು, ಆ ವೀಡಿಯೊಗಳನ್ನು ಕುಟುಂಬದ ಗುಂಪಿಗೆ ತಂದು ಹಾಕುವವರು ಮಾತ್ರ ಹಿರಿಯರು. 2020ರ ಲಾಕ್‌ಡೌನಿನಲ್ಲಿ ಶಾಲೆಗಳು ಫೋನಿಗೆ ಬಂದಾಗ ಮಲೆನಾಡಿನ ವಿದ್ಯಾರ್ಥಿಗಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಪಾಠ ಕೇಳಿದರು. ಒಂದೇ ತಲೆಮಾರಿನೊಳಗೆ ಊರಿಂದೂರಿಗೆ ಇರುವ ಅಂತರ ಎರಡು ತಲೆಮಾರುಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿರಬಹುದೆಂಬುದು ಆಗ ಎದ್ದುಕಂಡಿತು.

ಈ ಮೂರು ತಲೆಮಾರುಗಳ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ಸಿಗುವ ಸಾಮಗ್ರಿ ಸಮನಾಗಿಲ್ಲ. ಅಂಚೆ ಕಾರ್ಡುಗಳು ತಂತಿಗೆ ಪೋಣಿಸಿದ ಕಟ್ಟಾಗಿ, ಟ್ರಂಕಿನ ತಳದಲ್ಲಿ, ಅಂಚೆಮುದ್ರೆಯ ತಾರೀಕಿನ ಸಮೇತ ಅನೇಕ ಮನೆಗಳಲ್ಲಿ ಇನ್ನೂ ಇವೆ. ಬೂತಿನ ಮಾತಿಗೆ ಬಿಲ್ಲಿನ ಚೀಟಿಯಷ್ಟೇ ಸಾಕ್ಷಿಯಾಗಿತ್ತು, ಅದರ ಶಾಯಿ ಮಾಸಿದೆ. 2014ರ ಸೆಪ್ಟೆಂಬರ್ 30ರಂದು ಗೂಗಲ್ ಆರ್ಕುಟ್ಟನ್ನು ಮುಚ್ಚಿ, ಅದರ ಸಾರ್ವಜನಿಕ ಸಮುದಾಯಗಳ ದಾಖಲೆಯನ್ನು ಕೆಲವು ವರ್ಷ ಓದಲು ಇಟ್ಟು ಬಳಿಕ ಅದನ್ನೂ ತೆಗೆಯಿತು. ರೋಮನ್ ಲಿಪಿಯಲ್ಲಿ ಕನ್ನಡವಾಡಿದ ಮೊದಲ ಜಾಲತಾಣ ತಲೆಮಾರಿನ ಬರವಣಿಗೆಯ ದೊಡ್ಡ ಭಾಗ ಅದರೊಂದಿಗೆ ಹೋಯಿತು. ಹಿರಿಯರ ಧ್ವನಿ ಸಂದೇಶಗಳು ಅವರ ಮಕ್ಕಳ ಫೋನುಗಳಲ್ಲಿ ಇರುವಷ್ಟು ಕಾಲ ಇರುತ್ತವೆ, ಫೋನು ಬದಲಾಯಿಸುವಾಗ ಅವನ್ನು ಉಳಿಸಿಕೊಳ್ಳುವವರು ಕಡಿಮೆ. ಜಾನಪದ ವಿಶ್ವವಿದ್ಯಾಲಯ, ಕನ್ನಡ ವಿಶ್ವವಿದ್ಯಾಲಯಗಳಂಥ ಸಂಸ್ಥೆಗಳು ಹಾಡು, ಕತೆ, ಒಗಟುಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ, ಆಡಿದವರ ಒಪ್ಪಿಗೆ ಪಡೆದು, ಈ ದನಿಗಳನ್ನು ಊರು, ವರ್ಷ, ಸಂಬಂಧಗಳ ವಿವರದೊಡನೆ ಸಂಗ್ರಹಿಸುವ ಕೆಲಸವನ್ನು ಈ ಹಿರಿಯರು ಇರುವಾಗಲೇ ಕೈಗೆತ್ತಿಕೊಳ್ಳಬೇಕಾಗಿದೆ.